ಅಂಗೈಯ ಗಂಟು: ವಂಶದ ದೋಷವೋ, ಕೊಡದ ನೀರೋ?

ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಇರುವುದು ನಮ್ಮ ಮಕ್ಕಳಿಗೆ ಶಾಲೆಯ ಪುಸ್ತಕದಿಂದಲೇ ಗೊತ್ತು. ಬರೀ ಬಿರುದಲ್ಲದೆ 'ಅಶೋಕ' ಎಂಬ ಹೆಸರೂ ಅದರಲ್ಲಿ ಇರುವುದರಿಂದ ಆ ಶಾಸನಕ್ಕೆ ದೊಡ್ಡ ಮಹತ್ವವಿದೆ. ಆದರೆ 1915ರಲ್ಲಿ ಅದನ್ನು ಮೊದಲು ಕಂಡವರು ಇತಿಹಾಸದ ಪಂಡಿತರಲ್ಲ ಎಂಬುದು ಅನೇಕರಿಗೆ ತಿಳಿಯದು. ಅವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಆ ಗುಡ್ಡಗಳ ನಡುವೆ ಒಬ್ಬ ಗಣಿ ಎಂಜಿನಿಯರ್‌ಗೆ ಏನು ಕೆಲಸ? ಉತ್ತರ ನೆಲದೊಳಗೇ ಇದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಹಳೆಯ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು 'ಹಟ್ಟಿ-ಮಸ್ಕಿ ಪಟ್ಟಿ' ಎಂದೇ ಕರೆಯುತ್ತಾರೆ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನರು ಚಿನ್ನಕ್ಕಾಗಿ ಬಂಡೆ ಅಗೆದ ಗುರುತುಗಳಿವೆ. ಇಂದಿಗೂ ಅಲ್ಲಿ ಚಿನ್ನ ತೆಗೆಯುತ್ತಿದ್ದಾರೆ.

ಚಿನ್ನ ಎಂದೊಡನೆ ನಮ್ಮ ಕಣ್ಣು ಅರಳುತ್ತದೆ. ಆದರೆ ಈ ಬಂಡೆಗಳಲ್ಲಿ ಚಿನ್ನದ ಜೊತೆ ಇನ್ನೊಂದು ಖನಿಜವೂ ವಾಸವಾಗಿದೆ. ಅದರ ಹೆಸರು ಆರ್ಸೆನೋಪೈರೈಟ್. ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್ ಸೇರಿ ಆದದ್ದು. ಆರ್ಸೆನಿಕ್ ಎಂದರೆ ಹೊಸ ಪದ ಎಂದುಕೊಳ್ಳಬೇಡಿ. ನಮ್ಮ ಹಿರಿಯರು 'ಪಾಷಾಣ' ಎನ್ನುತ್ತಿದ್ದುದು ಇದನ್ನೇ. ಉರ್ದು ಬಲ್ಲ ಅಜ್ಜಿಯರ ಬಾಯಲ್ಲಿ ಇದು 'ಸಂಖಿಯಾ'. ಗಾಳಿ ಮತ್ತು ನೀರು ತಾಗಿದಾಗ ಈ ಖನಿಜ ಬಹಳ ನಿಧಾನವಾಗಿ ಸವೆದು, ಅದರೊಳಗಿನ ಪಾಷಾಣವು ಬಂಡೆಯ ಸೀಳುಗಳಲ್ಲಿ ನಿಂತ ನೀರಿಗೆ ಇಳಿಯುತ್ತದೆ. ಬೋರ್‌ವೆಲ್ ಕೊರೆದಾಗ ನಾವು ಮೇಲೆತ್ತುವುದು ಇದೇ ಸೀಳಿನ ನೀರನ್ನು. ಕೇಂದ್ರ ಅಂತರ್ಜಲ ಮಂಡಳಿಯ ಆರ್ಸೆನಿಕ್ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಹೆಸರು ಕಾಣಿಸಿಕೊಂಡಿದ್ದಕ್ಕೆ ಕಾರಣ ಈ ನೆಲದ ಗುಣವೇ.

ಹಾಗೆಂದು ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಎಲ್ಲ ಬೋರ್‌ವೆಲ್‌ಗಳೂ ವಿಷ ಎಂದು ಯಾರೂ ಗಾಬರಿಯಾಗಬೇಕಿಲ್ಲ. ಗಟ್ಟಿ ಬಂಡೆಯ ನೆಲದಲ್ಲಿ ಒಂದು ಬೋರ್‌ವೆಲ್‌ನ ನೀರಿಗೂ ಬೀದಿಯ ಆಚೆ ಬದಿಯ ಬೋರ್‌ವೆಲ್‌ನ ನೀರಿಗೂ ಸಂಬಂಧವೇ ಇಲ್ಲದಿರಬಹುದು. ಒಂದರಲ್ಲಿ ಪಾಷಾಣ ಇದ್ದು ಇನ್ನೊಂದರಲ್ಲಿ ಚೂರೂ ಇಲ್ಲದಿರಬಹುದು. ರುಚಿ, ಬಣ್ಣ, ವಾಸನೆ ಯಾವುದರಿಂದಲೂ ಅದು ಗೊತ್ತಾಗುವುದಿಲ್ಲ. ಫ್ಲೋರೈಡ್ ಆದರೆ ಮಕ್ಕಳ ಹಲ್ಲಿನ ಮೇಲೆ ಕಲೆಯಾಗಿ ತನ್ನನ್ನು ತೋರಿಸಿಕೊಡುತ್ತದೆ. ಪಾಷಾಣ ತನ್ನನ್ನು ತೋರಿಸುವುದು ಚರ್ಮದ ಮೇಲೆ, ಅದೂ ವರ್ಷಗಳು ಕಳೆದ ನಂತರ.

ಚರ್ಮದ ಮೇಲೇ ಏಕೆ? ನಮ್ಮ ಚರ್ಮ, ಕೂದಲು, ಉಗುರು ಮೂರೂ 'ಕೆರಾಟಿನ್' ಎಂಬ ಗಟ್ಟಿ ಪ್ರೋಟೀನಿನಿಂದ ಆದವು. ಈ ಪ್ರೋಟೀನಿನಲ್ಲಿ ಗಂಧಕದ ಅಂಶ ಹೆಚ್ಚು. ಬಂಡೆಯಲ್ಲಿ ಗಂಧಕದ ಜೊತೆ ಕೂಡಿಕೊಂಡಿದ್ದ ಆರ್ಸೆನಿಕ್ ನಮ್ಮ ಮೈಯೊಳಗೆ ಬಂದರೂ ಗಂಧಕವನ್ನೇ ಹುಡುಕಿಕೊಂಡು ಹೋಗುತ್ತದೆ. ಮೊದಲು ಎದೆ, ಬೆನ್ನಿನ ಮೇಲೆ ಮಳೆ ಹನಿ ಬಿದ್ದ ಧೂಳಿನ ಹಾಗೆ ಕಪ್ಪು ಚುಕ್ಕೆಗಳು, ಅವುಗಳ ನಡುವೆ ಬಿಳಿ ಚುಕ್ಕೆಗಳು. ಆಮೇಲೆ ಎರಡೂ ಅಂಗೈ, ಎರಡೂ ಅಂಗಾಲು ದಪ್ಪಗಾಗಿ ಕಾಳಿನಂತಹ ಗಂಟುಗಳು. ಸಾಮಾನ್ಯವಾಗಿ ಇಷ್ಟಾಗಲು ಐದು ವರ್ಷಕ್ಕಿಂತ ಹೆಚ್ಚು ಕಾಲ ಆ ನೀರು ಕುಡಿದಿರಬೇಕು. ಅದನ್ನೂ ಲೆಕ್ಕಿಸದೆ ಕುಡಿಯುತ್ತಾ ಹೋದರೆ ಕೆಲವರಲ್ಲಿ ಆ ಗಂಟುಗಳು ಚರ್ಮದ ಕ್ಯಾನ್ಸರ್‌ಗೆ ತಿರುಗುತ್ತವೆ. ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೂ ಈ ನೀರು ದಾರಿ ಮಾಡುತ್ತದೆ.

ನಮ್ಮ ನಾಡಿನಲ್ಲೇ ಇದು ನಡೆದಿದೆ. ಲಿಂಗಸುಗೂರಿನಿಂದ ಕೃಷ್ಣಾ ನದಿ ದಾಟಿದರೆ ಸಿಗುವ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯ ಮಂಗಳೂರಲ್ಲ, ಇದು ಯಾದಗಿರಿ ಜಿಲ್ಲೆಯದು. ಅಲ್ಲಿಯೂ ಹಳೆಯ ಚಿನ್ನದ ಗಣಿ ಇತ್ತು. ಅದೇ ಶಿಲಾಪಟ್ಟಿಯ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಕಲೆ, ಗಂಟುಗಳು ಕಂಡುಬಂದಾಗ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಅವರ ತಂಡ ಅಧ್ಯಯನ ನಡೆಸಿತು. 2013ರಲ್ಲಿ ಅದು ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆ ಬಾವಿಗಳ ನೀರಿನಲ್ಲಿ ಶೇಕಡಾ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಒಂದರಲ್ಲಂತೂ 303 ಮೈಕ್ರೋಗ್ರಾಂ. ತಪಾಸಣೆ ಮಾಡಿಸಿಕೊಂಡ ತಾಂಡಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಪಾಷಾಣದ ಗುರುತುಗಳಿದ್ದವು. ಬಂಗಾಳದ ಹಳ್ಳಿಗಳಲ್ಲಿ ಇಂತಹ ನೀರಿನ ಬೆನ್ನು ಹತ್ತಿ ಜೀವನವನ್ನೇ ಸವೆಸಿದ ಈ ವಿಜ್ಞಾನಿ 2018ರಲ್ಲಿ ತೀರಿಕೊಂಡರು. ಅವರ ತಂಡ ನೀರನ್ನು ಮಾತ್ರ ನೋಡದೆ ಜನರ ಕೂದಲು ಮತ್ತು ಉಗುರನ್ನೂ ಸಂಗ್ರಹಿಸುತ್ತಿತ್ತು. ನೀರು ಇಂದಿನ ಮಾತು ಹೇಳಿದರೆ, ಕೂದಲು ಮತ್ತು ಉಗುರು ಹಿಂದಿನ ತಿಂಗಳುಗಳ ಮಾತು ಹೇಳುತ್ತವೆ.

ಅರ್ಧಕ್ಕಿಂತ ಹೆಚ್ಚು ಮಂದಿಗೆ ಎಂದೆ. ಹಾಗಾದರೆ ಉಳಿದವರಿಗೆ? ಅವರೂ ಅದೇ ತಾಂಡಾದವರು. ನಮ್ಮ ಮನೆಗಳ ನಿಜವಾದ ಜಗಳ ಹುಟ್ಟುವುದು ಇಲ್ಲಿಯೇ. ಒಂದೇ ಮನೆ, ಒಂದೇ ಕೊಡ, ಒಂದೇ ಒಲೆ. ಅಣ್ಣನ ಅಂಗೈಯಲ್ಲಿ ಗಂಟು, ತಮ್ಮನ ಅಂಗೈ ನುಣ್ಣಗಿದೆ. ನೀರಿನ ದೋಷವಾಗಿದ್ದರೆ ಇಬ್ಬರಿಗೂ ಬರಬೇಕಿತ್ತಲ್ಲ ಎಂದು ಹಿರಿಯರು ವಾದಿಸುತ್ತಾರೆ. ವಾದ ಸರಿಯಾಗಿಯೇ ಕೇಳಿಸುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆ 'ಇದು ವಂಶದ ರೋಗ' ಎಂಬ ತೀರ್ಪು. ತೀರ್ಪು ಊರಿನ ಬಾಯಿಗೆ ಬಿದ್ದರೆ ಆ ಮನೆಯ ಹೆಣ್ಣುಮಕ್ಕಳಿಗೆ ಬಂದ ರಿಶ್ತಾ ಬಾಗಿಲಿನಿಂದಲೇ ಹಿಂದಿರುಗುತ್ತದೆ. ಕೆಲವೊಮ್ಮೆ 'ಕುಷ್ಠ' ಎಂಬ ಮಾತೂ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ಆಗುವಾಗಲೂ ಬೋರ್‌ವೆಲ್‌ನ ಕಡೆ ಯಾರೂ ಬೆರಳು ತೋರಿಸಿರುವುದಿಲ್ಲ.

ಅಣ್ಣನಿಗೆ ಬಂದು ತಮ್ಮನಿಗೆ ಬಾರದಿರುವುದೇಕೆ ಎಂಬ ಪ್ರಶ್ನೆಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಒಳ್ಳೆಯ ಉತ್ತರ ಸಿಕ್ಕಿದೆ. ಅದನ್ನು ಕೊಟ್ಟದ್ದು ಚರ್ಮದ ವೈದ್ಯರೊಬ್ಬರೇ ಅಲ್ಲ. ವಂಶವಾಹಿಗಳನ್ನು ಓದುವವರು ಮತ್ತು ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕುವವರು ಅವರ ಜೊತೆ ಸೇರಿದರು. ಮೊದಲನೆಯವರ ವಿದ್ಯೆಗೆ ಜೀನೋಮಿಕ್ಸ್ ಎಂದೂ ಎರಡನೆಯವರದ್ದಕ್ಕೆ ಬಯೋ ಇನ್‌ಫರ್ಮ್ಯಾಟಿಕ್ಸ್ ಎಂದೂ ಹೆಸರು. ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಕಲಿಯುವ ಹೊಸ ಕೋರ್ಸುಗಳ ಪಟ್ಟಿಯಲ್ಲಿ ಈ ಹೆಸರುಗಳನ್ನು ನೀವು ಕಂಡಿರಬಹುದು. ಇದು ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ತಾಯಂದಿರಿಗೆ ಈ ಅಂಗೈಯ ಕತೆಯೇ ಉತ್ತರ.

ಮೊದಲು ಮೈಯೊಳಗೆ ನಡೆಯುವುದನ್ನು ನೋಡೋಣ. ನೀರಿನೊಂದಿಗೆ ಒಳಗೆ ಬಂದ ಪಾಷಾಣವನ್ನು ಹೊರಗೆ ಕಳುಹಿಸಲು ನಮ್ಮ ಯಕೃತ್ತು, ಅಂದರೆ ಲಿವರ್, ಒಂದು ಉಪಾಯ ಮಾಡುತ್ತದೆ. 'ಮೀಥೈಲ್' ಎಂಬ ಒಂದು ಸಣ್ಣ ತುಣುಕನ್ನು ಅದಕ್ಕೆ ಅಂಟಿಸುತ್ತದೆ. ಆಮೇಲೆ ಎರಡನೆಯ ತುಣುಕನ್ನೂ ಅಂಟಿಸುತ್ತದೆ. ಎರಡು ತುಣುಕು ಅಂಟಿದ ಪಾಷಾಣ ಮೂತ್ರದ ಮೂಲಕ ಸಲೀಸಾಗಿ ಹೊರಟುಹೋಗುತ್ತದೆ. ತೊಂದರೆ ಇರುವುದು ಒಂದು ತುಣುಕು ಮಾತ್ರ ಅಂಟಿ ಅರ್ಧಕ್ಕೆ ನಿಂತದ್ದರಲ್ಲಿ. ಅದು ಬೇಗ ಹೊರಗೆ ಹೋಗದೆ ಹೆಚ್ಚು ಹಾನಿ ಮಾಡುತ್ತದೆ. ಯಾರ ಮೂತ್ರದಲ್ಲಿ ಈ ಅರ್ಧಂಬರ್ಧ ಪಾಷಾಣದ ಪಾಲು ಹೆಚ್ಚೋ ಅವರ ಚರ್ಮದಲ್ಲಿ ಕಲೆ ಮತ್ತು ಗಂಟು ಬರುವ ಸಂಭವ ಹೆಚ್ಚು. ತುಣುಕು ಅಂಟಿಸುವ ಕೆಲಸ ಮಾಡುವ ಕಿಣ್ವದ ಹೆಸರು ಎಎಸ್‌3ಎಂಟಿ. ಅದನ್ನು ತಯಾರಿಸುವ ಸೂಚನೆ ನಮ್ಮ ಹತ್ತನೇ ವರ್ಣತಂತುವಿನಲ್ಲಿ ಬರೆದಿದೆ.

ಈ ಸೂಚನೆ ಎಲ್ಲರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿದೆಯೇ? ಮನುಷ್ಯನ ವಂಶವಾಹಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಇಬ್ಬರು ಮನುಷ್ಯರನ್ನು ಹೋಲಿಸಿದರೆ ಸರಿಸುಮಾರು ಸಾವಿರಕ್ಕೆ ಒಂದು ಅಕ್ಷರ ವ್ಯತ್ಯಾಸ. ಅದರಲ್ಲಿ ಯಾವ ವ್ಯತ್ಯಾಸ ಅಂಗೈಯ ಗಂಟಿಗೆ ಸಂಬಂಧಪಟ್ಟದ್ದು ಎಂದು ಹುಡುಕುವುದು ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕುವುದಕ್ಕಿಂತ ಕಷ್ಟದ ಕೆಲಸ.

ಇದನ್ನು ಮಾಡಿದ್ದು ಬಾಂಗ್ಲಾದೇಶದಲ್ಲಿ. ಅಲ್ಲಿ 1970ರ ದಶಕದಿಂದ ಲಕ್ಷಾಂತರ ಕೊಳವೆ ಬಾವಿಗಳನ್ನು ಹಾಕಲಾಗಿತ್ತು. ಉದ್ದೇಶ ಒಳ್ಳೆಯದೇ ಆಗಿತ್ತು. ಕೊಳದ ನೀರು ಕುಡಿದು ಮಕ್ಕಳು ವಾಂತಿ ಭೇದಿಯಿಂದ ಸಾಯುತ್ತಿದ್ದರು. ಆದರೆ 1993ರ ವೇಳೆಗೆ ಆ ಬಾವಿಗಳಲ್ಲಿ ಪಾಷಾಣ ಇರುವುದು ಬಯಲಾಯಿತು. ಗಡಿಯ ಈಚೆ ಪಶ್ಚಿಮ ಬಂಗಾಳದಲ್ಲಿ ಕೋಲ್ಕತ್ತದ ಚರ್ಮ ವೈದ್ಯ ಡಾ. ಕೆ.ಸಿ. ಸಾಹಾ 1983ರಲ್ಲಿಯೇ ಇಂತಹ ರೋಗಿಗಳನ್ನು ಗುರುತಿಸಿದ್ದರು. ಅಂದರೆ ಈ ಕತೆಯಲ್ಲಿ ಮೊದಲ ಗಂಟೆ ಬಾರಿಸಿದ್ದೂ ಚರ್ಮವೇ. 2000ದಲ್ಲಿ ಢಾಕಾದ ಸಮೀಪದ ಆರೈಹಜಾರ್ ಎಂಬಲ್ಲಿ ಸುಮಾರು 12,000 ಜನರನ್ನು ಸೇರಿಸಿಕೊಂಡು ಒಂದು ದೀರ್ಘ ಅಧ್ಯಯನ ಆರಂಭವಾಯಿತು. ಯಾರು ಯಾವ ಬಾವಿಯ ನೀರು ಕುಡಿಯುತ್ತಾರೆ, ಎಷ್ಟು ಕುಡಿಯುತ್ತಾರೆ, ಮೂತ್ರದಲ್ಲಿ ಏನಿದೆ, ಚರ್ಮ ಹೇಗಿದೆ ಎಂದು ವರ್ಷಗಟ್ಟಲೆ ಬರೆದಿಟ್ಟರು. ಪ್ರತಿ ಮನೆಗೂ ಅವರ ಬಾವಿಯ ಫಲಿತಾಂಶವನ್ನು ತಿಳಿಸಿದರು. ಸಂಶೋಧನೆ ಮಾಡುವವರು ಹೀಗೆ ಜನರಿಗೆ ಫಲಿತಾಂಶ ಹಿಂದಿರುಗಿಸುವುದು ಎಲ್ಲ ಕಡೆ ನಡೆಯುವುದಿಲ್ಲ. ಇಲ್ಲಿ ನಡೆಯಿತು, ಮತ್ತು ಅನೇಕರು ಪಕ್ಕದ ಸುರಕ್ಷಿತ ಬಾವಿಗೆ ಬದಲಾಯಿಸಿಕೊಂಡರು.

ಈ ಅಧ್ಯಯನಗಳ ಜನರಲ್ಲಿ 1,313 ಮಂದಿಯ ವಂಶವಾಹಿಯಲ್ಲಿ ತಲಾ ಸುಮಾರು ಮೂರು ಲಕ್ಷ ಜಾಗಗಳ ಅಕ್ಷರಗಳನ್ನು ಓದಲಾಯಿತು. ಗುಣಿಸಿ ನೋಡಿ, 39 ಕೋಟಿಗೂ ಹೆಚ್ಚು ನಮೂದುಗಳು. ಇದನ್ನು ಕಣ್ಣಿನಿಂದ ನೋಡಿ ಮುಗಿಸುವವರು ಯಾರು? ಕಂಪ್ಯೂಟರ್ ಬೇಕಾಗುವುದು ಇದಕ್ಕೆ. ಆದರೆ ಅದರ ನಿಜವಾದ ಉಪಕಾರ ವೇಗದ್ದಲ್ಲ, ಮೋಸಹೋಗದಂತೆ ಕಾಯುವುದು. ಹೇಗೆಂದರೆ, ಮೂರು ಲಕ್ಷ ಜಾಗಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ 'ಇಪ್ಪತ್ತಕ್ಕೆ ಒಂದು ಸಲ ಆಕಸ್ಮಿಕವಾದರೂ ಪರವಾಗಿಲ್ಲ' ಎಂಬ ಸಾಮಾನ್ಯ ಅಳತೆ ಇಟ್ಟುಕೊಂಡರೆ, ಬರೀ ಆಕಸ್ಮಿಕದಿಂದಲೇ 15,000 ಜಾಗಗಳು 'ನಾನೇ ಕಾರಣ' ಎಂದು ಕೈ ಎತ್ತುತ್ತವೆ. ಅದಕ್ಕಾಗಿ ಈ ವಿದ್ಯೆಯವರು ಎರಡು ಕೋಟಿಯಲ್ಲಿ ಒಂದು ಎಂಬಷ್ಟು ಕಟ್ಟುನಿಟ್ಟಿನ ಅಳತೆ ಇಟ್ಟುಕೊಂಡಿದ್ದಾರೆ. ಈ ಜರಡಿಯಲ್ಲಿ ಜಾಲಿಸಿದ ಮೇಲೂ ಉಳಿದದ್ದು ಯಾವುದು ಗೊತ್ತೇ? ಹತ್ತನೇ ವರ್ಣತಂತುವಿನಲ್ಲಿ ಎಎಸ್‌3ಎಂಟಿ ಇರುವ ಜಾಗ. ಎಲ್ಲಿ ಇರಬೇಕಿತ್ತೋ ಅಲ್ಲಿಯೇ. ಆ ಜಾಗದಲ್ಲಿ ಕೆಲವು ಅಕ್ಷರಗಳಿದ್ದವರು ಪಾಷಾಣಕ್ಕೆ ಎರಡನೆಯ ತುಣುಕು ಅಂಟಿಸುವುದರಲ್ಲಿ ನಿಧಾನ, ಮತ್ತು ಅವರಿಗೆ ಚರ್ಮದ ಕಲೆ, ಗಂಟು ಬರುವ ಸಂಭವವೂ ಹೆಚ್ಚು ಎಂದು 2012ರಲ್ಲಿ ಪ್ರಕಟಿಸಿದರು. 2019ರಲ್ಲಿ ಇದೇ ಬಾಂಗ್ಲಾದೇಶದ ಜನರಲ್ಲಿ ಎಫ್‌ಟಿಸಿಡಿ ಎಂಬ ಇನ್ನೊಂದು ವಂಶವಾಹಿಯೂ ಸಿಕ್ಕಿತು. ಅದಕ್ಕೂ ಸೊಪ್ಪಿನಲ್ಲಿ ಸಿಗುವ ಫೋಲೇಟ್ ಎಂಬ ಜೀವಸತ್ವಕ್ಕೂ ನಂಟಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೋಲ್ಕತ್ತದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಬಯಾಲಜಿಯ ಅಶೋಕ್ ಕೆ. ಗಿರಿ ಅವರ ತಂಡವೂ ಪಶ್ಚಿಮ ಬಂಗಾಳದ ಜನರಲ್ಲಿ ಇಂತಹ ಹುಡುಕಾಟ ನಡೆಸಿತ್ತು. 2008ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಚರ್ಮದ ಗುರುತುಗಳ ಜೊತೆ ನಂಟು ಕಂಡದ್ದು ಪಿಎನ್‌ಪಿ ಎಂಬ ಬೇರೊಂದು ವಂಶವಾಹಿಯಲ್ಲಿ. ಗಡಿಯ ಈಚೆ ಒಂದು, ಆಚೆ ಇನ್ನೊಂದು ಎಂದು ನಗಬೇಡಿ. ಎಷ್ಟು ಜನರನ್ನು ನೋಡಿದರು, ಯಾವ ಜಾಗಗಳನ್ನು ಓದಿದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದು ಸೀಮೆಯ ಜನರಲ್ಲಿ ಸಾಮಾನ್ಯವಾದ ಅಕ್ಷರ ಇನ್ನೊಂದು ಸೀಮೆಯಲ್ಲಿ ಅಪರೂಪವಾಗಿರಬಹುದು. ಆದ್ದರಿಂದಲೇ ನಮ್ಮ ದೇಶದ ಬೇರೆ ಬೇರೆ ಸಮುದಾಯಗಳ ವಂಶವಾಹಿಯನ್ನು ಓದಿಡಬೇಕೆಂದು 2020ರಲ್ಲಿ 'ಜೀನೋಮ್ ಇಂಡಿಯಾ' ಯೋಜನೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಇದರ ಮುಂದಾಳು. 10,000 ಭಾರತೀಯರ ಮಾಹಿತಿಯನ್ನು ಫರೀದಾಬಾದಿನ ಕೇಂದ್ರದಲ್ಲಿಟ್ಟು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ಚರ್ಮದ ರೋಗಗಳನ್ನು ಅಭ್ಯಾಸ ಮಾಡುವವರಿಗೂ ಇದು ದೊಡ್ಡ ಆಸರೆ. ರೋಗಿಯಲ್ಲಿ ಕಂಡ ಅಕ್ಷರ ರೋಗಕ್ಕೆ ಕಾರಣವೋ ಅಥವಾ ನಮ್ಮ ಜನರಲ್ಲಿ ಎಲ್ಲೆಲ್ಲೂ ಇರುವ ನಿರಪಾಯದ ಅಕ್ಷರವೋ ಎಂದು ಹೋಲಿಸಿ ನೋಡಲು ಇಂತಹ ದಾಸ್ತಾನು ಬೇಕೇ ಬೇಕು.

ಇನ್ನೊಂದು ವಿಸ್ಮಯದ ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ, ಆಂಡೀಸ್ ಪರ್ವತದ ಮೇಲೆ ಸಾನ್ ಆಂಟೋನಿಯೋ ದೆ ಲಾಸ್ ಕೋಬ್ರೆಸ್ ಎಂಬ ಊರಿದೆ. ಅಲ್ಲಿನ ಜನರು ಸಾವಿರಾರು ವರ್ಷಗಳಿಂದ ಪಾಷಾಣ ಬೆರೆತ ನೀರನ್ನೇ ಕುಡಿದವರು. ಅಲ್ಲಿನ ಹೆಂಗಸರ ವಂಶವಾಹಿಯನ್ನು ಓದಿದಾಗ, ಪಾಷಾಣವನ್ನು ಬೇಗ ಹೊರಹಾಕುವ ಎಎಸ್‌3ಎಂಟಿ ಅಕ್ಷರಗಳು ಅವರಲ್ಲಿ ಅಸಾಧಾರಣವಾಗಿ ಹೆಚ್ಚಾಗಿರುವುದು ಕಂಡುಬಂತು. 2015ರಲ್ಲಿ ಇದು ಪ್ರಕಟವಾಯಿತು. ತಲೆಮಾರುಗಳ ಉದ್ದಕ್ಕೂ ಆ ಅಕ್ಷರ ಇಲ್ಲದವರು ಕಡಿಮೆಯಾಗುತ್ತಾ ಬಂದು ಇದ್ದವರು ಉಳಿದುಕೊಂಡರು ಎಂದು ಇದರ ಅರ್ಥ. ಓದಲು ಚೆಂದ, ಆದರೆ ಎಷ್ಟು ಮಕ್ಕಳನ್ನು ಕಳೆದುಕೊಂಡು ಆ ಊರು ಈ ಗುಣವನ್ನು ಪಡೆದಿರಬಹುದು! ನಮ್ಮ ಕಡೆ ಕೆರೆ, ಹಳ್ಳ, ತೆರೆದ ಬಾವಿಗಳನ್ನು ಬಿಟ್ಟು ಆಳದ ಬೋರ್‌ವೆಲ್‌ಗೆ ಬಂದು ಎರಡು ತಲೆಮಾರು ಕಳೆದಿರಬಹುದು ಅಷ್ಟೇ. 'ನಮಗೆ ಈ ನೀರು ಅಭ್ಯಾಸವಾಗಿದೆ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಈಗ ವಂಶದ ಮಾತಿಗೆ ಬರೋಣ. ಅಂಗೈಯ ಗಂಟು ವಂಶದ ರೋಗವೇ? ಅಲ್ಲ. ಪಾಷಾಣದ ನೀರು ಕುಡಿಯದವರಿಗೆ ಎಂತಹ ವಂಶವಾಹಿ ಇದ್ದರೂ ಈ ರೋಗ ಬರುವುದಿಲ್ಲ. ತಂದೆ ತಾಯಿಯಿಂದ ಬರುವುದು ಪಾಷಾಣವನ್ನು ಹೊರಹಾಕುವ ವೇಗ ಮಾತ್ರ. ಅಣ್ಣನಿಗೆ ನಿಧಾನದ ಅಕ್ಷರ ಬಂದಿರಬಹುದು, ತಮ್ಮನಿಗೆ ಬೇಗದ ಅಕ್ಷರ. ಒಂದೇ ತಂದೆ ತಾಯಿಯ ಮಕ್ಕಳಾದರೂ ಎಲ್ಲರಿಗೂ ಒಂದೇ ಪಾಲು ಬರುವುದಿಲ್ಲ. ಇನ್ನೊಂದು ಎಚ್ಚರಿಕೆ ಇದೆ. ತಮ್ಮನ ಅಂಗೈ ನುಣ್ಣಗಿದೆ ಎಂದ ಮಾತ್ರಕ್ಕೆ ಅವನು ಪಾರಾದ ಎಂದಲ್ಲ. ಅವನ ಹೊಟ್ಟೆಗೂ ಅದೇ ವಿಷ ಹೋಗುತ್ತಿದೆ, ಚರ್ಮ ಸುಮ್ಮನಿದೆ ಅಷ್ಟೇ.

ಹಾಗಾದರೆ ಕೆಲವು ಮನೆತನಗಳಲ್ಲಿ ಮೂರು ನಾಲ್ಕು ಜನರಿಗೆ ಒಟ್ಟಿಗೆ ಬರುವುದೇಕೆ? ನಮ್ಮ ಸಂಬಂಧಗಳ ರೀತಿಯನ್ನು ನೋಡಿ. ಚಾಚಾ, ಮಾಮು, ಫುಫ್ಫಿ, ಖಾಲಾರ ಮಕ್ಕಳ ನಡುವೆ ನಿಕಾಹ್ ನಮ್ಮಲ್ಲಿ ಸಾಮಾನ್ಯ. ನೆರೆಯ ಹಿಂದೂ ಮನೆಗಳಲ್ಲಿ ಸೋದರಮಾವ, ಸೋದರತ್ತೆಯ ಸಂಬಂಧಗಳು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಚಾಚಾ, ಮಾಮು ಮಕ್ಕಳ ನಡುವೆ ವಂಶವಾಹಿಯ ಎಂಟನೇ ಒಂದು ಪಾಲು ಒಂದೇ ಮೂಲದ್ದು. ಹೀಗೆ ಮದುವೆಯಾದವರು ಸಾಮಾನ್ಯವಾಗಿ ಒಂದೇ ಓಣಿಯಲ್ಲಿ, ಒಂದೇ ಬೋರ್‌ವೆಲ್ ಸುತ್ತ ವಾಸಿಸುತ್ತಾರೆ. ಖಾನ್‌ದಾನೂ ಒಂದೇ, ಕೊಡವೂ ಒಂದೇ. ಆಗ ಕಣ್ಣಿಗೆ ಬೀಳುವುದು ಖಾನ್‌ದಾನ್ ಮಾತ್ರ, ಕೊಡ ಕಾಣುವುದಿಲ್ಲ. ಮೀನಿನ ಚರ್ಮದಂತೆ ಒಡೆಯುವ ಇಕ್ತಿಯೋಸಿಸ್, ಮೈ ಪೂರ್ತಿ ಬಿಳುಪಾಗುವ ಆಲ್ಬಿನಿಸಂ ಇವು ನಿಜಕ್ಕೂ ವಂಶವಾಹಿಯಿಂದ ಬರುವ ಚರ್ಮದ ತೊಂದರೆಗಳು. ಅಂತಹವು ಹುಟ್ಟಿನಿಂದ ಅಥವಾ ಎಳವೆಯಲ್ಲೇ ಕಾಣಿಸುತ್ತವೆ. ಪಾಷಾಣದ ಗಂಟು ದೊಡ್ಡವರಾದ ಮೇಲೆ ನಿಧಾನವಾಗಿ ಬರುವಂಥದ್ದು. ಇವುಗಳನ್ನು ಒಂದೇ ತಕ್ಕಡಿಗೆ ಹಾಕಬಾರದು.

ಇದರಲ್ಲಿ ಹೆಣ್ಣುಮಕ್ಕಳ ಪಾಡು ಬೇರೆಯೇ. ಗಂಡು ಹುಟ್ಟಿದ ಊರಿನ ನೀರನ್ನೇ ಕೊನೆಯವರೆಗೆ ಕುಡಿಯುತ್ತಾನೆ. ಹೆಣ್ಣಿಗೆ ಮದುವೆಯೊಂದಿಗೆ ನೀರೂ ಬದಲಾಗುತ್ತದೆ. ಮಸ್ಕಿಯ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದವಳು ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿಯುವ ಊರಿಗೆ ಸೊಸೆಯಾಗಿ ಹೋಗಬಹುದು. ಅಥವಾ ಕಾಲುವೆಯ ಊರಿನವಳು ಬೋರ್‌ವೆಲ್‌ನ ಊರಿಗೆ ಬರಬಹುದು. ಗಂಟು ಕಾಣಿಸಲು ವರ್ಷಗಳು ಬೇಕಾದ್ದರಿಂದ, ಅತ್ತೆಮನೆಯ ನೀರಿನ ಫಲವನ್ನು 'ತವರಿನಿಂದ ತಂದ ರೋಗ' ಎಂದು ಹೇಳಿಬಿಡುವುದು ಸುಲಭ. ಸಮಾಧಾನದ ಸಂಗತಿಯೆಂದರೆ ಸಾಮಾನ್ಯವಾಗಿ ಹೆಂಗಸರ ದೇಹ ಪಾಷಾಣಕ್ಕೆ ಎರಡನೆಯ ತುಣುಕು ಅಂಟಿಸುವುದರಲ್ಲಿ ಗಂಡಸರಿಗಿಂತ ಚುರುಕು. ಗರ್ಭಿಣಿಯಾದಾಗ ಇನ್ನೂ ಚುರುಕು. ಆದ್ದರಿಂದ ಚರ್ಮದ ಗುರುತುಗಳು ಗಂಡಸರಲ್ಲೇ ಹೆಚ್ಚು. ಆದರೆ ಗರ್ಭದ ಮಗುವಿಗೆ ಈ ಪಾಷಾಣ ದಾಟಿ ಹೋಗುತ್ತದೆ, ಹಾಗಾಗಿ ಬಸುರಿಯ ನೀರಿನ ಬಗ್ಗೆ ಎಲ್ಲರಿಗಿಂತ ಮೊದಲು ಯೋಚಿಸಬೇಕು. ಎದೆಹಾಲಿಗೆ ಮಾತ್ರ ಅದು ಬಹಳ ಕಡಿಮೆ ಇಳಿಯುತ್ತದೆ. ಇಂತಹ ಊರುಗಳಲ್ಲಿ ಆರು ತಿಂಗಳವರೆಗೆ ಬರೀ ಎದೆಹಾಲು ಕುಡಿಸುವುದು ಮಗುವಿಗೆ ದೊಡ್ಡ ರಕ್ಷಣೆ. ಆ ನೀರಿನಲ್ಲಿ ಪುಡಿಹಾಲು ಕಲಸಿ ಕೊಡುವುದು ಅದಕ್ಕೆ ತದ್ವಿರುದ್ಧ.

ಇಷ್ಟೆಲ್ಲ ಓದಿದ ಮೇಲೆ 'ನಮ್ಮ ಮನೆಯವರ ಜೀನ್ ಪರೀಕ್ಷೆ ಮಾಡಿಸೋಣವೇ' ಎಂದು ಯಾರಾದರೂ ಕೇಳಿದರೆ, ಬೇಡ ಎನ್ನುತ್ತೇನೆ. ನಿಧಾನದ ಅಕ್ಷರ ಇದೆ ಎಂದು ಗೊತ್ತಾದರೆ ಮಾಡುವುದೇನು? ನೀರು ಬದಲಾಯಿಸುವುದು. ಬೇಗದ ಅಕ್ಷರ ಇದ್ದರೆ? ಆಗಲೂ ಅದನ್ನೇ. ವಂಶವಾಹಿಯ ಸಂಶೋಧನೆ ವಿಜ್ಞಾನಿಗಳಿಗೆ ದಾರಿ ತೋರಿಸುತ್ತದೆ, ಔಷಧಿ ಹುಡುಕಲು ನೆರವಾಗುತ್ತದೆ, ಒಂದು ಮನೆತನದ ಮೇಲೆ ಬಿದ್ದ ಅಪವಾದವನ್ನು ತೊಳೆಯಲೂ ಸಾಕ್ಷಿ ಕೊಡುತ್ತದೆ. ಮನೆಯ ಹಣವನ್ನು ಮಾತ್ರ ನೀರಿನ ಪರೀಕ್ಷೆಗೇ ಖರ್ಚು ಮಾಡಿ.

ನೀರನ್ನು ಕುದಿಸಿದರೆ ಪಾಷಾಣ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಮೇಣದ ಬತ್ತಿಯಂತಹ ಫಿಲ್ಟರ್ ಹಾಕುವುದು ಕೆಸರಿಗೆ ಸರಿ, ಇದಕ್ಕಲ್ಲ. ಆರ್‌ಓ ಯಂತ್ರ ಬಹುಮಟ್ಟಿಗೆ ತೆಗೆಯುತ್ತದೆ, ಆದರೆ ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಸ್ನಾನಕ್ಕೆ, ಬಟ್ಟೆ ಒಗೆಯಲು ಆ ನೀರನ್ನು ಬಳಸಿದರೆ ದೊಡ್ಡ ತೊಂದರೆಯಿಲ್ಲ. ಹೊಟ್ಟೆಗೆ ಹೋಗುವ ನೀರೇ ಮುಖ್ಯ. ಅನೇಕರು ಕುಡಿಯಲು ಕ್ಯಾನ್ ನೀರು ತಂದು ಅಡುಗೆಗೆ ಬೋರ್‌ವೆಲ್ ನೀರನ್ನೇ ಹಾಕುತ್ತಾರೆ. ರೊಟ್ಟಿಯ ಹಿಟ್ಟು ಕಲಸುವ ನೀರು, ಬೇಳೆ ಬೇಯಿಸುವ ನೀರು, ಅನ್ನದ ನೀರು ಎಲ್ಲವೂ ಹೊಟ್ಟೆಗೇ ತಾನೆ ಹೋಗುವುದು?

ಫೋಲೇಟಿನ ಮಾತು ಹೇಳುತ್ತೇನೆ ಎಂದಿದ್ದೆ. ಆ ಮೀಥೈಲ್ ತುಣುಕುಗಳನ್ನು ಒದಗಿಸಲು ದೇಹಕ್ಕೆ ಫೋಲೇಟ್ ಬೇಕು. ಬಾಂಗ್ಲಾದೇಶದಲ್ಲಿ ಫೋಲೇಟ್ ಕೊರತೆ ಇದ್ದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಕೊಟ್ಟಾಗ ರಕ್ತದಲ್ಲಿನ ಪಾಷಾಣ ಕಡಿಮೆಯಾದುದು ಕಂಡುಬಂತು. ಮೆಂತ್ಯ ಸೊಪ್ಪು, ಪಾಲಕ್, ಪುಂಡಿ ಪಲ್ಯ, ಹೆಸರು, ಕಡಲೆ ನಮ್ಮ ಅಡುಗೆಮನೆಗೆ ಹೊಸವೇನಲ್ಲ. ಆದರೆ ಗಂಡಸರಿಗೆ, ಮಕ್ಕಳಿಗೆ ಬಡಿಸಿ ಕೊನೆಗೆ ತಳದಲ್ಲಿ ಉಳಿದದ್ದನ್ನು ತಿನ್ನುವ ಹೆಂಗಸಿನ ತಟ್ಟೆಗೆ ಅವು ಎಷ್ಟು ಬರುತ್ತವೆ ಎಂಬುದು ಬೇರೆ ಪ್ರಶ್ನೆ. ಬೀಡಿ, ಸಿಗರೇಟು ಸೇದುವ ಗಂಡಸರಲ್ಲಿ ಇದೇ ನೀರಿನಿಂದ ಚರ್ಮದ ಗುರುತುಗಳು ಹೆಚ್ಚಾಗುತ್ತವೆ ಎಂಬುದನ್ನು ಮನೆಯ ಗಂಡಸರಿಗೆ ಓದಿ ಹೇಳಿ.

ಕಲೆ ಕಂಡೊಡನೆ ಮೆಡಿಕಲ್ ಅಂಗಡಿಗೆ ಹೋಗಿ ಟ್ಯೂಬ್ ಕ್ರೀಮ್ ತಂದು ಹಚ್ಚುವುದು ನಮ್ಮ ಹಳೆಯ ಚಟ. ಅವುಗಳಲ್ಲಿ ಅನೇಕವು ಸ್ಟೀರಾಯ್ಡ್ ಕ್ರೀಮುಗಳು, ಚರ್ಮವನ್ನು ತೆಳ್ಳಗೆ ಮಾಡುತ್ತವೆ. ಪಾಷಾಣದ ಚುಕ್ಕೆಗೆ ಅವು ಔಷಧಿಯಲ್ಲ. ಇನ್ನು ಕುಷ್ಠದ ಅನುಮಾನ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಗೊತ್ತಾಗುವುದಿಲ್ಲ. ಪಾಷಾಣದ ಚುಕ್ಕೆಯಲ್ಲಿ ಸ್ಪರ್ಶ ಇದ್ದೇ ಇರುತ್ತದೆ, ಗಂಟುಗಳು ಎರಡೂ ಕೈಗಳಲ್ಲಿ ಇರುತ್ತವೆ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಕುಷ್ಠಕ್ಕೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಮತ್ತು ಪೂರ್ತಿ ಗುಣವಾಗುವ ಚಿಕಿತ್ಸೆ ಇದೆ, ಆದ್ದರಿಂದ ಮುಚ್ಚಿಡುವ ಕಾರಣ ಅಲ್ಲಿಯೂ ಇಲ್ಲ. ಚರ್ಮದ ವೈದ್ಯರಿಗೆ ತೋರಿಸುವಾಗ 'ನಾವು ಇಷ್ಟು ವರ್ಷದಿಂದ ಇಂತಹ ಬೋರ್‌ವೆಲ್ ನೀರು ಕುಡಿಯುತ್ತಿದ್ದೇವೆ' ಎಂದು ನೀವೇ ಹೇಳಿ. ಅವರು ಕೇಳದೆ ಹೋಗಬಹುದು. ಒಂದು ಗಂಟು ಇದ್ದಕ್ಕಿದ್ದಂತೆ ದೊಡ್ಡದಾದರೆ, ಹುಣ್ಣಾಗಿ ಮಾಯದಿದ್ದರೆ, ರಕ್ತ ಬಂದರೆ ತಡಮಾಡದೆ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಹೋಗಿ. ನೀರು ಬದಲಾಯಿಸಿದ ಕೆಲವೇ ದಿನಗಳಲ್ಲಿ ಮೂತ್ರದಲ್ಲಿನ ಪಾಷಾಣ ಇಳಿಯತೊಡಗುತ್ತದೆ. ಅಂಗೈ ಮೆತ್ತಗಾಗಲು ತಿಂಗಳುಗಳು, ವರ್ಷಗಳು ಹಿಡಿಯಬಹುದು, ಕೆಲವರಲ್ಲಿ ಪೂರ್ತಿ ಹೋಗದೆಯೂ ಇರಬಹುದು.

ನೀರಿನ ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಿವೆ, ಸಾರ್ವಜನಿಕರೂ ಕಡಿಮೆ ಶುಲ್ಕಕ್ಕೆ ಮಾಡಿಸಬಹುದು. 2019ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯನ್ನು ಇಟ್ಟಿದ್ದಾರೆ. ನಿಮ್ಮ ಊರಿನ ಆ ಐವರು ಯಾರು ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಆ ಐವರಲ್ಲಿ ನಮ್ಮ ಓಣಿಯ ಒಬ್ಬ ಹುಡುಗಿಯೂ ಇದ್ದರೆ ಇನ್ನೂ ಒಳ್ಳೆಯದು. ಮಾದರಿ ತರುವಾಗ ಬೋರ್‌ವೆಲ್ಲನ್ನು ಐದಾರು ನಿಮಿಷ ಓಡಿಸಿ, ಶುಭ್ರವಾದ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬಿಸಬೇಕು. ಯಾವ ಬೋರ್‌ವೆಲ್, ಯಾವ ದಿನ ಎಂದು ಚೀಟಿ ಅಂಟಿಸಬೇಕು. ಅರ್ಜಿಯಲ್ಲಿ 'ಆರ್ಸೆನಿಕ್' ಎಂದು ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಅದು ಸೇರದೆ ಇರಬಹುದು. ಫಲಿತಾಂಶದ ಕಾಗದದಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಅಥವಾ 10 ಮೈಕ್ರೋಗ್ರಾಂಗಿಂತ ಹೆಚ್ಚು ಇದ್ದರೆ ಆ ಬೋರ್‌ವೆಲ್‌ನ ಪಂಪಿಗೆ ಕೆಂಪು ಬಣ್ಣ ಬಳಿದು, ಕುಡಿಯುವ ನೀರನ್ನು ಬೇರೆ ಕಡೆಯಿಂದ ತನ್ನಿ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಊರು ಮತ್ತೆ ಹಳೆಯ ಬೋರ್‌ವೆಲ್‌ಗೆ ಮರಳುವುದುಂಟು, ಆಗಲೂ ಆ ಕೆಂಪು ಬಣ್ಣ ಮಾಸದಂತೆ ನೋಡಿಕೊಳ್ಳಿ.